ನೋಯದ ಕಾಲಿನ ಮಾಯದ ಹುಣ್ಣು

ತರಕಾರಿ ಹೆಚ್ಚುವಾಗ ಈಳಿಗೆಮಣೆ ತಾಗಿ ಬೆರಳು ಕೊಯ್ದುಕೊಳ್ಳುವುದು ಯಾವ ಮನೆಯಲ್ಲಿಯೂ ಅಪರೂಪದ ಸಂಗತಿಯಲ್ಲ. ಸ್ವಲ್ಪ ರಕ್ತ ಹರಿಯುತ್ತದೆ, ಒಂದು ಬಟ್ಟೆಯ ಚೂರನ್ನು ಸುತ್ತುತ್ತೇವೆ, ಎಂಟು ಹತ್ತು ದಿನಗಳಲ್ಲಿ ಗಾಯ ಮಾಯ್ದು ಗೆರೆಯೊಂದು ಉಳಿಯುತ್ತದೆ. ಆದರೆ ಕೆಲವರ ಅಂಗಾಲಿನಲ್ಲಿ ರೂಪಾಯಿಯಗಲದ ಹುಣ್ಣೊಂದು ತಲೆದೋರಿ, ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಹಾಗೆಯೇ ನಿಂತುಬಿಡುವುದುಂಟು. ಮುಲಾಮುಗಳನ್ನು ಬದಲಾಯಿಸಿದ್ದಾಯಿತು, ಮಾತ್ರೆಗಳನ್ನು ನುಂಗಿದ್ದಾಯಿತು. ಹುಣ್ಣು ಮಾತ್ರ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಅದು ಮೂಳೆಯನ್ನು ಮುಟ್ಟಿದಾಗ ಬೆರಳನ್ನೋ ಪಾದವನ್ನೋ, ಕೊನೆಗೆ ಕಾಲನ್ನೇ ಕತ್ತರಿಸಬೇಕಾಗಿ ಬರುತ್ತದೆ. ಇದರಲ್ಲಿ ಅತ್ಯಂತ ಸೋಜಿಗದ ಸಂಗತಿಯೆಂದರೆ, ಇಂತಹ ಹುಣ್ಣು ಬಹುಮಟ್ಟಿಗೆ ನೋಯುವುದೇ ಇಲ್ಲ.

ಒಂದೇ ದೇಹ, ಒಂದೇ ರಕ್ತ. ಆದರೂ ಕೈಯ ಗಾಯ ಮಾಯುತ್ತದೆ, ಕಾಲಿನದು ಮಾಯುವುದಿಲ್ಲ. ಇದಕ್ಕೆ ಕಾರಣವೇನು? ‘ರಕ್ತ ಕೆಟ್ಟಿದೆ’ ಎಂದು ಕೆಲವರು ಹೇಳುವರು. ‘ಮಾಂಸ ತಾನಾಗಿಯೇ ಕೊಳೆಯುವ ರೋಗವಿದು’ ಎಂದು ಮತ್ತೆ ಕೆಲವರು. ‘ಸಕ್ಕರೆ ಕಾಯಿಲೆಯವರ ಗಾಯ ಮಾಯುವುದೇ ಇಲ್ಲ’ ಎಂಬುದಂತೂ ಗಾದೆಯಷ್ಟೇ ಪ್ರಚಲಿತವಾದ ಮಾತು. ಈ ಮಾತುಗಳಲ್ಲಿ ಅಲ್ಪಸ್ವಲ್ಪ ಸತ್ಯಾಂಶವಿದ್ದರೂ ಮುಖ್ಯವಾದ ಕಾರಣ ಬೇರೆಯೇ ಇದೆ. ಅದು ನಿಚ್ಚಳವಾಗಿ ತಿಳಿದುಬಂದುದು ಸಕ್ಕರೆ ಕಾಯಿಲೆಯ ರೋಗಿಗಳಿಂದಲ್ಲ, ಕುಷ್ಠರೋಗಿಗಳಿಂದ. ಯಾವುದೋ ದೂರದ ದೇಶದಲ್ಲಲ್ಲ, ನಮ್ಮ ನೆರೆಯ ವೆಲ್ಲೂರಿನಲ್ಲಿ. ಅದನ್ನು ಅರಿಯುವ ಮೊದಲು, ಸಾಮಾನ್ಯವಾದ ಗಾಯವೊಂದು ಹೇಗೆ ಮಾಯುತ್ತದೆ ಎಂಬುದನ್ನು ನೋಡೋಣ.

ಗಾಯ ಮಾಯುವ ಬಗೆ

ಚರ್ಮ ಹರಿದೊಡನೆ ದೇಹ ಮಾಡುವ ಮೊದಲ ಕೆಲಸ ರಕ್ತದ ಸೋರಿಕೆಯನ್ನು ನಿಲ್ಲಿಸುವುದು. ರಕ್ತದಲ್ಲಿರುವ ಕಿರುತಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಬಿರಡೆಯಂತೆ ನಿಲ್ಲುತ್ತವೆ. ಅವುಗಳ ಸುತ್ತ ನಾರಿನ ಬಲೆ ಹೆಣೆದುಕೊಂಡು ರಕ್ತ ಹೆಪ್ಪುಗಟ್ಟುತ್ತದೆ. ಎರಡನೆಯದು ಶುಚಿಗೊಳಿಸುವ ಕೆಲಸ. ಬಿಳಿಯ ರಕ್ತಕಣಗಳು ಗಾಯದೊಳಕ್ಕೆ ನುಗ್ಗಿ ರೋಗಾಣುಗಳನ್ನೂ ಸತ್ತ ಜೀವಕೋಶಗಳನ್ನೂ ನುಂಗಿಹಾಕುತ್ತವೆ. ಈ ಕಾಲದಲ್ಲಿ ಗಾಯದ ಸುತ್ತ ಕೆಂಪು, ಬಿಸಿ, ಊತ, ನೋವು ಕಾಣಿಸಿಕೊಳ್ಳುವುದು ಸಹಜ. ಮೂರನೆಯದು ಕಟ್ಟುವ ಕೆಲಸ. ಕೂದಲೆಳೆಗಿಂತ ಸಣ್ಣವಾದ ಹೊಸ ರಕ್ತನಾಳಗಳು ಗಾಯದ ತಳದಿಂದ ಚಿಗುರುತ್ತವೆ. ನಾರು ನೇಯುವ ಜೀವಕೋಶಗಳು ಕೊಲಾಜೆನ್ ಎಂಬ ಗಟ್ಟಿಯಾದ ಎಳೆಗಳನ್ನು ಹಾಸುತ್ತವೆ. ಗಾಯದ ತಳ ಕೆಂಪಾಗಿ, ಹರಳು ಹರಳಾಗಿ ಕಂಡರೆ ಈ ಕೆಲಸ ಚೆನ್ನಾಗಿ ಸಾಗಿದೆಯೆಂದು ವೈದ್ಯರು ತಿಳಿಯುತ್ತಾರೆ. ಬಳಿಕ ಅಂಚಿನ ಚರ್ಮದ ಕೋಶಗಳು ಒಳಮುಖವಾಗಿ ತೆವಳಿ ಬಂದು ಹೊದಿಕೆಯನ್ನು ಹಾಸುತ್ತವೆ. ನಾಲ್ಕನೆಯದು ತಿಂಗಳುಗಳ ಕಾಲ ನಡೆಯುವ ದುರಸ್ತಿಯ ಕೆಲಸ. ಎಷ್ಟೇ ಚೆನ್ನಾಗಿ ಮಾಯ್ದರೂ ಗಾಯದ ಕಲೆಗೆ ಮೊದಲಿನ ಚರ್ಮದ ಬಲ ಪೂರ್ತಿಯಾಗಿ ಬರುವುದಿಲ್ಲ. ಹೆಚ್ಚೆಂದರೆ ಅದರ ನೂರಕ್ಕೆ 80 ಪಾಲಿನಷ್ಟು ಬಂದೀತು.

ಇದನ್ನು ಮನೆ ಕಟ್ಟುವ ಕೆಲಸಕ್ಕೆ ಹೋಲಿಸಬಹುದು. ಸಾಮಾನು ಬರಬೇಕು, ಹಳೆಯ ಕಸವನ್ನು ತೆಗೆಯಬೇಕು, ಕಟ್ಟಿದ ಗೋಡೆ ಒಣಗುವವರೆಗೆ ಯಾರೂ ಅದನ್ನು ಮುಟ್ಟಬಾರದು. ಹಸಿಗೋಡೆಯನ್ನು ದಿನವೂ ಯಾರಾದರೂ ತುಳಿದು ಕೆಡವುತ್ತಿದ್ದರೆ ಮನೆ ಎಂದಾದರೂ ಎದ್ದೀತೆ? ಬಹುಕಾಲದ ಹುಣ್ಣಿನಲ್ಲಿ ನಡೆಯುವುದು ಇದೇ. ಅದು ಎರಡನೆಯ ಹಂತದಲ್ಲಿಯೇ ಸಿಕ್ಕಿಬಿದ್ದಿರುತ್ತದೆ. ಬಿಳಿಯ ರಕ್ತಕಣಗಳ ಸೈನ್ಯ ಹಿಂತಿರುಗುವುದೇ ಇಲ್ಲ. ಅವು ಸುರಿಸುವ ಕರಗಿಸುವ ರಸಗಳು ಕಸದ ಜೊತೆಗೆ ಹೊಸದಾಗಿ ಹಾಸಿದ ಎಳೆಗಳನ್ನೂ ಕರಗಿಸಿಬಿಡುತ್ತವೆ. ಹಾಗಾದರೆ ಈ ಹಸಿಗೋಡೆಯನ್ನು ತುಳಿಯುವವರಾರು? ಇದಕ್ಕೆ ಉತ್ತರವನ್ನು ಕಂಡುಕೊಂಡವರು ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು.

ವೆಲ್ಲೂರಿನಲ್ಲಿ ಬಯಲಾದ ಗುಟ್ಟು

ಬ್ರಾಂಡ್ ಅವರು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದವರು. ತಂದೆತಾಯಿಗಳು ಅಲ್ಲಿ ಮಿಷನರಿಗಳಾಗಿದ್ದರು. ಇಂಗ್ಲೆಂಡಿನಲ್ಲಿ ವೈದ್ಯಶಿಕ್ಷಣವನ್ನು ಮುಗಿಸಿ 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದರು. ಮರುವರ್ಷ ಚೆಂಗಲ್ಪಟ್ಟಿನ ಕುಷ್ಠರೋಗದ ಆಸ್ಪತ್ರೆಯನ್ನು ನೋಡಲು ಹೋದಾಗ, ಬೆರಳುಗಳು ಮಡಿಚಿಕೊಂಡ, ಬೆರಳುಗಳೇ ಇಲ್ಲದ ಕೈಗಳನ್ನೂ, ಹುಣ್ಣಾದ ಮೊಂಡು ಪಾದಗಳನ್ನೂ ಅವರು ಕಂಡರು. ಕುಷ್ಠರೋಗದಲ್ಲಿ ಮಾಂಸ ತಾನಾಗಿಯೇ ಕೊಳೆತು ಉದುರುತ್ತದೆ ಎಂಬುದು ಆ ಕಾಲದ ಜನರ ನಂಬಿಕೆಯಾಗಿದ್ದಿತು; ಅನೇಕ ವೈದ್ಯರ ನಂಬಿಕೆಯೂ ಅದೇ ಆಗಿದ್ದಿತು. ಅಂತಹ ಮಾಂಸದ ಮೇಲೆ ಶಸ್ತ್ರಚಿಕಿತ್ಸೆ ಮಾಡಿ ಫಲವೇನು ಎಂದು ಯಾರೂ ಆ ಗೊಡವೆಗೆ ಹೋಗಿರಲಿಲ್ಲ.

ಬ್ರಾಂಡ್ ಅವರು ಮಡಿಚಿದ ಬೆರಳುಗಳನ್ನು ಬಿಡಿಸುವ ಸಲುವಾಗಿ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡತೊಡಗಿದರು. ಆಗ ಅವರ ಕಣ್ಣಿಗೆ ಒಂದು ವಿಷಯ ಬಿದ್ದಿತು. ಅವರು ಕೊಯ್ದು ಹೊಲಿದ ಗಾಯಗಳು ಬೇರೆ ಯಾರ ಗಾಯಗಳಂತೆಯೇ ಸಕಾಲದಲ್ಲಿ ಮಾಯುತ್ತಿದ್ದುವು! ಮಾಂಸವೇ ಕೆಟ್ಟಿದ್ದರೆ ಇದು ಹೇಗೆ ಸಾಧ್ಯ? ಮಾಂಸದಲ್ಲಿ ದೋಷವಿಲ್ಲವೆಂದ ಮೇಲೆ ಬೆರಳುಗಳು ನಾಶವಾಗಲು ಬೇರೆ ಕಾರಣವಿರಲೇಬೇಕು. ಆ ಕಾರಣವನ್ನು ಹುಡುಕುತ್ತ ಅವರು ರೋಗಿಗಳ ದಿನಚರಿಯನ್ನು ಗಮನಿಸತೊಡಗಿದರು.

ಒಂದು ದಿನ ತುಕ್ಕು ಹಿಡಿದ ಬೀಗವೊಂದನ್ನು ತೆರೆಯಲು ಅವರು ಎಷ್ಟು ತಿಣುಕಿದರೂ ಕೀಲಿಕೈ ತಿರುಗಲಿಲ್ಲ. ಹತ್ತು ವರ್ಷದ, ಬಡಕಲು ದೇಹದ ರೋಗಿ ಬಾಲಕನೊಬ್ಬನು ಮುಂದೆ ಬಂದು, ಒಮ್ಮೆ ತಿರುವಿ ಬೀಗವನ್ನು ತೆರೆದೇಬಿಟ್ಟನು. ಇಷ್ಟು ಬಲ ಈ ಹುಡುಗನಿಗೆ ಎಲ್ಲಿಂದ ಬಂದಿತೆಂದು ಅಚ್ಚರಿಪಡುತ್ತಿದ್ದಾಗಲೇ ನೆಲದ ಮೇಲೆ ರಕ್ತದ ಹನಿಗಳು ಕಂಡುವು. ಹುಡುಗನ ಬೆರಳು ಮೂಳೆ ಕಾಣುವಷ್ಟು ಸೀಳಿಹೋಗಿದ್ದಿತು. ಅವನಿಗೆ ಅದರ ಅರಿವೇ ಇರಲಿಲ್ಲ. ಹುಡುಗನ ಬಲವೇನೂ ಹೆಚ್ಚಿರಲಿಲ್ಲ. ‘ಇನ್ನು ಸಾಕು’ ಎಂದು ತಡೆಯುವ ನೋವು ಅವನಿಗೆ ಇರಲಿಲ್ಲ, ಅಷ್ಟೆ. ಇರುಳಿನಲ್ಲಿ ಕೆಲವು ರೋಗಿಗಳ ಬೆರಳಿನ ತುದಿಗಳು ಕಾಣೆಯಾಗುತ್ತಿದ್ದುದೂ ಇದೇ ಕಾರಣದಿಂದ. ಕಾದು ನೋಡಿದಾಗ, ಮಲಗಿದವರ ಬೆರಳುಗಳನ್ನು ಇಲಿಗಳು ಕಡಿಯುತ್ತಿದ್ದುವೆಂದು ತಿಳಿದುಬಂದಿತು. ಅಂದಿನಿಂದ ರೋಗಿಗಳ ಜೊತೆಗೆ ಬೆಕ್ಕುಗಳಿಗೂ ಅಲ್ಲಿ ಸ್ಥಾನ ದೊರೆಯಿತು.

ಕುಷ್ಠರೋಗದ ಏಕಾಣುಜೀವಿಯನ್ನು ನಾರ್ವೆಯ ಹ್ಯಾನ್ಸನ್ ಎಂಬುವರು 1873ರಲ್ಲಿ ಕಂಡುಹಿಡಿದರು. ಇದು ದೇಹದ ತಂಪಾದ ಭಾಗಗಳಲ್ಲಿರುವ ನರಗಳನ್ನು ಹೊಕ್ಕು ಹಾಳುಮಾಡುತ್ತದೆ. ಹಿಮ್ಮಡಿಯ ಒಳಮಗ್ಗುಲಲ್ಲಿ ಹಾದು ಅಂಗಾಲಿಗೆ ಹೋಗುವ ನರ ಕೆಟ್ಟರೆ ಅಂಗಾಲು ಮರಗಟ್ಟುತ್ತದೆ. ಆಮೇಲೆ ಮುಳ್ಳು ಚುಚ್ಚಿದರೂ, ಕೆಂಡ ತಾಗಿದರೂ, ಚಪ್ಪಲಿಯ ಮೊಳೆ ಮೇಲೆದ್ದು ಕೊರೆದರೂ ತಿಳಿಯುವುದಿಲ್ಲ. ರೋಗವು ನೇರವಾಗಿ ಪಾದವನ್ನು ತಿನ್ನಲಿಲ್ಲ, ಕಾವಲುಗಾರನನ್ನು ಕೊಂದಿತು. ಉಳಿದ ಅನಾಹುತವೆಲ್ಲ ದಿನನಿತ್ಯದ ನಡಿಗೆಯಿಂದಲೇ ನಡೆಯಿತು.

ಸಣ್ಣ ಪೆಟ್ಟು, ಸಾವಿರ ಸಲ

ಮುಳ್ಳು, ಮೊಳೆ, ಕೆಂಡಗಳ ಮಾತು ಸರಿಯೆ. ಆದರೆ ಇವಾವುವೂ ಇಲ್ಲದೆ, ಸಮತಟ್ಟಾದ ನೆಲದ ಮೇಲೆ ನಡೆದಾಡುವವರಿಗೂ ಹುಣ್ಣಾಗುತ್ತಿತ್ತಲ್ಲ, ಅದು ಹೇಗೆ?

ನಾವು ಹೆಜ್ಜೆಯಿಡುವಾಗ ಮೈಯ ಭಾರ ಅಂಗಾಲಿನ ಎಲ್ಲ ಕಡೆಯೂ ಸಮವಾಗಿ ಬೀಳುವುದಿಲ್ಲ. ಹಿಮ್ಮಡಿ, ಹೆಬ್ಬೆರಳು, ಬೆರಳುಗಳ ಬುಡದ ಮೂಳೆಯ ತುದಿಗಳು, ಇವೇ ಹೆಚ್ಚು ಭಾರ ಹೊರುವ ಜಾಗಗಳು. ಆರೋಗ್ಯವಂತನು ಹತ್ತು ಮೈಲಿ ನಡೆದರೆ ಆ ಜಾಗಗಳು ಬಿಸಿಯೇರಿ ಸಣ್ಣಗೆ ನೋಯತೊಡಗುತ್ತವೆ. ಅವನಿಗೆ ಅರಿವಿಲ್ಲದೆಯೇ ಅವನ ನಡಿಗೆ ಬದಲಾಗುತ್ತದೆ. ಭಾರ ಕೊಂಚ ಹೊರಮಗ್ಗುಲಿಗೆ ವಾಲುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ. ಇನ್ನೂ ನೋವಾದರೆ ಕುಂಟುತ್ತಾನೆ, ಅಥವಾ ಮರದ ನೆರಳಿನಲ್ಲಿ ಕುಳಿತುಬಿಡುತ್ತಾನೆ. ಕುಂಟುವುದು ಸೋಲಲ್ಲ, ಪಾದವನ್ನು ಉಳಿಸುವ ಉಪಾಯ. ಮರಗಟ್ಟಿದ ಕಾಲಿಗೆ ಈ ಉಪಾಯ ತಿಳಿಯದು. ಮೊದಲ ಹೆಜ್ಜೆಯಲ್ಲಿ ಯಾವ ಜಾಗದ ಮೇಲೆ ಭಾರ ಬಿದ್ದಿತೋ ಐದು ಸಾವಿರದ ಹೆಜ್ಜೆಯಲ್ಲಿಯೂ ಅದೇ ಜಾಗದ ಮೇಲೆ, ಅಷ್ಟೇ ಬಲವಾಗಿ ಬೀಳುತ್ತದೆ.

1966ರಲ್ಲಿ ಬ್ರಾಂಡ್ ಅವರು ಅಮೆರಿಕದ ಲೂಯಿಸಿಯಾನ ಪ್ರಾಂತದ ಕಾರ್ವಿಲ್ ಎಂಬಲ್ಲಿದ್ದ ಕುಷ್ಠರೋಗದ ಆಸ್ಪತ್ರೆಗೆ ತೆರಳಿದರು. ಅಲ್ಲಿ ಈ ವಿಷಯವನ್ನು ಪ್ರಯೋಗದಿಂದ ಪರೀಕ್ಷಿಸಿ ನೋಡಿದರು. ಅರಿವು ತಪ್ಪಿಸಿದ ಇಲಿಗಳ ಅಂಗಾಲಿನ ಮೇಲೆ ಯಂತ್ರದಿಂದ ಸಣ್ಣ ಒತ್ತಡವನ್ನು ದಿನಕ್ಕೆ ಸಾವಿರಾರು ಬಾರಿ ಹಾಕಿದರು. ಒಂದೊಂದು ಪೆಟ್ಟೂ ನಿರಪಾಯಕರವಾದುದೇ. ಆದರೆ ಅದೇ ಪೆಟ್ಟು ದಿನದಿನವೂ ಮರುಕಳಿಸಿದಾಗ ಅಂಗಾಲು ಮೊದಲು ಕೆಂಪಾಗಿ ಊದಿಕೊಂಡು, ಬಳಿಕ ಒಳಗಿನ ಅಂಗಾಂಶಗಳು ಸತ್ತು ಹುಣ್ಣಾಯಿತು. ಪೆಟ್ಟುಗಳ ಸಂಖ್ಯೆಯನ್ನು ತಗ್ಗಿಸಿ ನಡುನಡುವೆ ಬಿಡುವು ಕೊಟ್ಟಾಗಲಾದರೋ ಅಂಗಾಲು ದಪ್ಪವಾಗಿ ಒಗ್ಗಿಕೊಂಡಿತು, ಹುಣ್ಣಾಗಲಿಲ್ಲ. ಒತ್ತಡ ಮಾತ್ರವೇ ಶತ್ರುವಲ್ಲ. ಬಿಡುವಿಲ್ಲದ ಒತ್ತಡ ಶತ್ರು.

ಇನ್ನೊಂದು ಮಾತು ಗಮನಿಸತಕ್ಕದ್ದು. ಹುಣ್ಣು ಮೇಲಿನಿಂದ ಕೆಳಕ್ಕೆ ಇಳಿಯುವುದೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಹೊರಗಿನ ನೆಲಕ್ಕೂ ಒಳಗಿನ ಮೂಳೆಗೂ ನಡುವೆ ಸಿಕ್ಕಿದ ಮೃದುವಾದ ಅಂಗಾಂಶ ಮೊದಲು ಜಜ್ಜಿಹೋಗುತ್ತದೆ. ಮೇಲೆ ಕಾಣುವುದು ಗಟ್ಟಿಯಾದ ಆಣಿ ಮಾತ್ರ. ಆ ಆಣಿಯಾದರೂ ಸುಮ್ಮನಿರುವುದಿಲ್ಲ. ಚಪ್ಪಲಿಯಲ್ಲಿ ಸೇರಿದ ಕಲ್ಲಿನಂತೆ ಒತ್ತಿ ಒಳಗಿನ ಪೆಟ್ಟನ್ನು ಹೆಚ್ಚಿಸುತ್ತದೆ. ಆಣಿಯನ್ನು ಹೆರೆದು ತೆಗೆದಾಗ ಆ ಜಾಗದ ಒತ್ತಡ ಸುಮಾರು ಕಾಲು ಪಾಲಿನಷ್ಟು ತಗ್ಗುವುದನ್ನು 1992ರಲ್ಲಿ ಅಳೆದು ತೋರಿಸಿದ್ದಾರೆ. ಆಣಿಯ ನಡುವೆ ಕಪ್ಪಾದ ರಕ್ತದ ಮಚ್ಚೆ ಕಂಡರೆ ಅದರಡಿಯಲ್ಲಿ ಹುಣ್ಣು ಆಗಲೇ ಹುಟ್ಟಿದೆಯೆಂದು ತಿಳಿಯಬೇಕು.

ಮಧುಮೇಹಿಯ ಪಾದ

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕುಷ್ಠರೋಗಕ್ಕೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಅಂದಿನಿಂದ ಆ ರೋಗ ಬಹಳವಾಗಿ ಹಿಮ್ಮೆಟ್ಟಿದೆ. ಆದರೆ ವೆಲ್ಲೂರಿನಲ್ಲಿ ಕಲಿತ ಪಾಠ ಹಳತಾಗಲಿಲ್ಲ. ಅದೇ ಮರಗಟ್ಟಿದ ಕಾಲು, ಅದೇ ನೋಯದ ಹುಣ್ಣು, ಮತ್ತೊಂದು ರೋಗದ ಬೆನ್ನುಹತ್ತಿ ಇಂದು ಮನೆಮನೆಯ ಬಾಗಿಲಿಗೆ ಬಂದಿದೆ. ಅದೇ ಸಿಹಿಮೂತ್ರ ರೋಗ, ಎಂದರೆ ಮಧುಮೇಹ.

1921ರಲ್ಲಿ ಇನ್ಸುಲಿನ್ ದೊರೆಯುವುದಕ್ಕೆ ಮೊದಲು ಎಳೆಯ ವಯಸ್ಸಿನ ಮಧುಮೇಹಿಗಳು ಬಹುಕಾಲ ಬದುಕುತ್ತಿರಲಿಲ್ಲ. ಆಯುಸ್ಸು ಹೆಚ್ಚಿದಂತೆ, ವರ್ಷಗಟ್ಟಲೆ ಏರಿದ ಸಕ್ಕರೆ ನರಗಳ ಮೇಲೆ ಮಾಡುವ ಹಾನಿಯೂ ಬೆಳಕಿಗೆ ಬಂದಿತು. ಸಕ್ಕರೆ ನರದ ಎಳೆಗಳನ್ನೂ, ಅವುಗಳಿಗೆ ಆಹಾರವೊಯ್ಯುವ ಸೂಕ್ಷ್ಮ ರಕ್ತನಾಳಗಳನ್ನೂ ಕೆಡಿಸುತ್ತದೆ. ಎಲ್ಲಕ್ಕಿಂತ ಉದ್ದವಾದ ನರಗಳಿಗೆ ಮೊದಲು ಕುತ್ತು. ಅವು ಬೆನ್ನಿನಿಂದ ಕಾಲ್ಬೆರಳಿನವರೆಗೆ ಹೋಗುವ ನರಗಳಾದುದರಿಂದ ಮರವು ಬೆರಳುಗಳಲ್ಲಿ ಮೊದಲಾಗಿ, ಕಾಲುಚೀಲವನ್ನು ತೊಟ್ಟಂತೆ ಮೇಲಕ್ಕೆ ಏರುತ್ತದೆ. ಅದಕ್ಕೆ ಮೊದಲು ಕೆಲವರಿಗೆ ಜೋಮು, ಉರಿ ಕಾಣಿಸುವುದುಂಟು; ಉರಿ ನಿಂತಿತೆಂದು ಅವರು ಸಂತೋಷಪಡುವ ಹೊತ್ತಿಗೆ ಕೆಲವೊಮ್ಮೆ ನರವೇ ಮೌನವಾಗಿರುತ್ತದೆ.

ಅರಿವಿನ ನರಗಳ ಜೊತೆಗೆ ಇತರ ನರಗಳೂ ಕೆಡುತ್ತವೆ. ಪಾದದ ಸಣ್ಣ ಸ್ನಾಯುಗಳು ಸೊರಗಿ ಬೆರಳುಗಳು ಉಗುರು ಕೆಳಗಾಗಿ ಕೊಕ್ಕೆಯಂತೆ ಬಾಗುತ್ತವೆ; ಅವುಗಳ ಬುಡದ ಮೂಳೆಗಳು ಅಂಗಾಲಿನ ಕಡೆಗೆ ಉಬ್ಬಿ ನೆಲಕ್ಕೆ ಒತ್ತುತ್ತವೆ. ಬೆವರು ನಿಂತು ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ. ಬಿರುಕುಗಳು ರೋಗಾಣುಗಳಿಗೆ ತೆರೆದ ಬಾಗಿಲು. ಕೆಲವರಲ್ಲಿ ಪಾದದ ಮೂಳೆ ಕೀಲುಗಳೇ ಕುಸಿದು, ಅಂಗಾಲು ತೊಟ್ಟಿಲ ತಳದಂತೆ ಹೊರಕ್ಕೆ ಉಬ್ಬುತ್ತದೆ. ನರ ಕೆಟ್ಟಾಗ ಕೀಲುಗಳು ಹೀಗೆ ನಾಶವಾಗುವುದನ್ನು ಫ್ರಾನ್ಸಿನ ಶಾರ್ಕೋ ಎಂಬ ವೈದ್ಯರು 1868ರಲ್ಲಿಯೇ ವಿವರಿಸಿದ್ದರು. ಮಧುಮೇಹಿಯ ಪಾದ ನೋವಿಲ್ಲದೆ ಊದಿ, ಕೆಂಪಾಗಿ, ಬಿಸಿಯಾದರೆ ಉಳುಕೆಂದು ಎಣ್ಣೆ ತಿಕ್ಕುತ್ತ ಕುಳಿತುಕೊಳ್ಳಬಾರದು. ಕೂಡಲೇ ವೈದ್ಯರಿಗೆ ತೋರಿಸಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ನಮ್ಮ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10 ಕೋಟಿಯೆಂದು ಅಂದಾಜು ಮಾಡಿತು. ಮಧುಮೇಹವಿರುವ 100 ಮಂದಿಯಲ್ಲಿ 19ರಿಂದ 34 ಮಂದಿಗೆ ಜೀವಮಾನದಲ್ಲಿ ಎಂದಾದರೊಮ್ಮೆ ಕಾಲಿನ ಹುಣ್ಣಾಗುವ ಸಂಭವವಿದೆ ಎಂದು 2017ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಇದು ಎಷ್ಟು ದೊಡ್ಡ ಸಮಸ್ಯೆಯೆಂಬುದನ್ನು ವಾಚಕರೇ ಊಹಿಸಬಹುದು.

ನೆತ್ತರಿನ ಹಾದಿ

ಒತ್ತಡದ ಜೊತೆಗೆ ಎರಡನೆಯ ಶತ್ರುವೊಂದುಂಟು. ಹಸಿಗೋಡೆಯನ್ನು ಯಾರೂ ತುಳಿಯದಿದ್ದರೂ, ಇಟ್ಟಿಗೆ ಸುಣ್ಣ ಬರುವ ರಸ್ತೆಯೇ ಮುಚ್ಚಿದ್ದರೆ ಗೋಡೆ ಏಳಲಾರದು. ಮಧುಮೇಹಿಗಳಲ್ಲಿಯೂ ಬೀಡಿ ಸಿಗರೇಟು ಸೇದುವವರಲ್ಲಿಯೂ ಕಾಲಿನ ಅಪಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಸುಣ್ಣಗಳು ಕೂಡಿ ಹಾದಿ ಕಿರಿದಾಗುತ್ತದೆ. ಪಾದ ತಣ್ಣಗಾಗುತ್ತದೆ, ನಾಡಿ ಸಿಗುವುದಿಲ್ಲ, ಬೆರಳು ಕಪ್ಪಾಗಿ ಸಾಯಬಹುದು.

ಇದನ್ನು ಪರೀಕ್ಷಿಸುವ ಬಗೆ ಸರಳವಾಗಿದೆ. ಕಣಕಾಲಿನ ರಕ್ತದೊತ್ತಡವನ್ನೂ ತೋಳಿನ ರಕ್ತದೊತ್ತಡವನ್ನೂ ಅಳೆದು ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತಾರೆ. ಭಾಗಲಬ್ಧ 0.9ಕ್ಕಿಂತ ಕಡಮೆಯಾದರೆ ಹಾದಿ ಕಿರಿದಾಗಿದೆ ಎಂದರ್ಥ. ಆದರೆ ಇಲ್ಲಿ ಒಂದು ಮೋಸವುಂಟು. ಮಧುಮೇಹಿಗಳ ಅಪಧಮನಿಗಳು ಸುಣ್ಣಗಟ್ಟಿ ಬಿರುಸಾಗಿದ್ದರೆ ಪಟ್ಟಿಯ ಒತ್ತಡಕ್ಕೆ ಅವು ಅದುಮಿಕೊಳ್ಳುವುದಿಲ್ಲ. ಆಗ ಲೆಕ್ಕ ಸುಳ್ಳಾಗಿ ಹೆಚ್ಚು ತೋರುತ್ತದೆ. ಅಂಥವರಲ್ಲಿ ಹೆಬ್ಬೆರಳಿನ ಒತ್ತಡವನ್ನೇ ಅಳೆಯಬೇಕಾಗುತ್ತದೆ.

ಮುಚ್ಚಿದ ಹಾದಿಯನ್ನು ತೆರೆಯಲು ಸಾಧ್ಯವೆಂಬುದನ್ನು 1964ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ಎಂಬ ವೈದ್ಯರು ತೋರಿಸಿಕೊಟ್ಟರು. 82 ವರ್ಷದ ವೃದ್ಧೆಯೊಬ್ಬರ ಕಾಲಿನ ಬೆರಳುಗಳು ಕಪ್ಪಾಗಿದ್ದುವು. ಕಾಲನ್ನು ಕತ್ತರಿಸಬೇಕೆಂಬ ಸಲಹೆಗೆ ಆಕೆ ಒಪ್ಪಲಿಲ್ಲ. ಡಾಟರ್ ಅವರು ತೊಡೆಯ ಅಪಧಮನಿಯೊಳಕ್ಕೆ ಒಂದಕ್ಕಿಂತ ಒಂದು ದಪ್ಪನಾದ ನಳಿಗೆಗಳನ್ನು ತೂರಿಸಿ ಕಿರಿದಾದ ಜಾಗವನ್ನು ಹಿಗ್ಗಿಸಿದರು. ಪಾದ ಬೆಚ್ಚಗಾಯಿತು, ನೋವು ಹೋಯಿತು. ಆಕೆ ಕೊನೆಯವರೆಗೂ ತಮ್ಮ ಎರಡು ಕಾಲುಗಳ ಮೇಲೆಯೇ ನಡೆದರು. ಇಂದು ಹೃದಯದ ರಕ್ತನಾಳಗಳನ್ನು ಬೆಲೂನಿನಿಂದ ಹಿಗ್ಗಿಸುವ ಚಿಕಿತ್ಸೆ ಎಲ್ಲರಿಗೂ ಪರಿಚಿತವಾಗಿದೆಯಷ್ಟೆ. ಅದರ ಮೂಲ ಈ ಕಾಲಿನ ಚಿಕಿತ್ಸೆಯಲ್ಲಿದೆ.

ಎಲ್ಲ ಹುಣ್ಣುಗಳೂ ಈ ಜಾತಿಯವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಕಣಕಾಲಿಗಿಂತ ಮೇಲೆ, ಒಳಮಗ್ಗುಲಿನಲ್ಲಿ, ಕಪ್ಪಿಟ್ಟ ಚರ್ಮದ ನಡುವೆ ಆಗುವ ಹುಣ್ಣು ಅಭಿಧಮನಿಗಳ ದೋಷದಿಂದ ಬಂದುದು. ಅದಕ್ಕೆ ಬಿಗಿಯಾದ ಪಟ್ಟಿ ಸುತ್ತುವುದೇ ಮುಖ್ಯ ಚಿಕಿತ್ಸೆ. ಅಪಧಮನಿ ಮುಚ್ಚಿದ ಕಾಲಿಗೆ ಅದೇ ಪಟ್ಟಿಯನ್ನು ಸುತ್ತಿದರೆ ಅಪಾಯ. ಆದುದರಿಂದ ಹುಣ್ಣಿನ ಕಾರಣವನ್ನು ತಿಳಿಯದೆ ಚಿಕಿತ್ಸೆಗೆ ಕೈಹಾಕಬಾರದು.

ಸತ್ತುದನ್ನು ತೆಗೆಯುವುದು

ಮೂರನೆಯ ಶತ್ರು ರೋಗಾಣು. ಕಪ್ಪಾದ, ಹಳದಿಯಾದ ಸತ್ತ ಮಾಂಸ ರೋಗಾಣುಗಳಿಗೆ ಅನ್ನವೂ ಹೌದು, ಮನೆಯೂ ಹೌದು. ಅವು ತಮ್ಮ ಸುತ್ತ ಲೋಳೆಯ ಪದರವನ್ನು ಹೆಣೆದುಕೊಂಡು ಅಡಗಿದರೆ ಔಷಧಗಳು ಒಳಕ್ಕೆ ಇಳಿಯಲಾರವು. ಆದುದರಿಂದ ಶಸ್ತ್ರವೈದ್ಯರು ಚೂರಿಯಿಂದ ಸತ್ತ ಭಾಗವನ್ನೂ ಅಂಚಿನ ಆಣಿಯನ್ನೂ ಹೆರೆದು, ಜೀವವಿರುವ ಕೆಂಪು ಅಂಗಾಂಶ ಕಾಣುವವರೆಗೆ ತೆಗೆಯುತ್ತಾರೆ. ಇದೇನೂ ಹೊಸ ತತ್ತ್ವವಲ್ಲ. ಸುಶ್ರುತ ಸಂಹಿತೆ ದುಷ್ಟವ್ರಣ ಶುದ್ಧವ್ರಣಗಳನ್ನು ಬೇರೆ ಬೇರೆಯಾಗಿ ಗುರುತಿಸಿ, ವ್ರಣಚಿಕಿತ್ಸೆಗೆ ಅರುವತ್ತು ಕ್ರಮಗಳನ್ನು ಎಣಿಸಿದೆ. ಛೇದನ, ಲೇಖನಗಳು ಅವುಗಳಲ್ಲಿ ಸೇರಿವೆ.

ಈ ಕೆಲಸಕ್ಕೆ ಹುಳುಗಳನ್ನು ನೇಮಿಸಿದವರೂ ಉಂಟು! ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಲಿಯಂ ಬೇರ್ ಎಂಬ ಶಸ್ತ್ರವೈದ್ಯರು ರಣರಂಗದಲ್ಲಿ ದಿನಗಟ್ಟಲೆ ಬಿದ್ದಿದ್ದ ಸಿಪಾಯಿಗಳ ಗಾಯಗಳಲ್ಲಿ ನೊಣದ ಮರಿಹುಳುಗಳು ತುಂಬಿದ್ದರೂ, ಅವುಗಳ ಕೆಳಗೆ ಮಾಂಸ ಕೆಂಪಾಗಿ ಶುಚಿಯಾಗಿರುವುದನ್ನು ಕಂಡರು. ಹುಳುಗಳು ಸತ್ತ ಮಾಂಸವನ್ನು ಮಾತ್ರ ಕರಗಿಸಿ ತಿನ್ನುತ್ತಿದ್ದುವು. ರೋಗಾಣುಗಳಿಲ್ಲದಂತೆ ಪ್ರಯೋಗಶಾಲೆಯಲ್ಲಿ ಬೆಳೆಸಿದ ಹುಳುಗಳಿಂದ ಇಂದಿಗೂ ಕೆಲವು ದೇಶಗಳಲ್ಲಿ ಈ ಚಿಕಿತ್ಸೆ ನಡೆಯುತ್ತದೆ.

ಹುಣ್ಣಿನ ತಳಕ್ಕೆ ಲೋಹದ ಕಡ್ಡಿಯನ್ನು ಇಳಿಸಿದಾಗ ಗಟ್ಟಿಯಾದ ಮೂಳೆ ತಾಗಿದರೆ ಮೂಳೆಗೂ ಸೋಂಕು ಮುಟ್ಟಿದೆಯೆಂಬ ಸಂಶಯ ಬಲವಾಗುತ್ತದೆ. ಆಗ ವಾರಗಟ್ಟಲೆ ಪ್ರತಿಜೈವಿಕ ಔಷಧ ಕೊಡಬೇಕಾಗಬಹುದು, ಇಲ್ಲವೆ ಆ ಮೂಳೆಯ ಚೂರನ್ನು ತೆಗೆಯಬೇಕಾಗಬಹುದು. ಸೋಂಕಿನ ಲಕ್ಷಣವಿಲ್ಲದ ಹುಣ್ಣಿಗೆ ಪ್ರತಿಜೈವಿಕಗಳಿಂದ ಪ್ರಯೋಜನವಿಲ್ಲ.

ವಿಶ್ರಾಂತಿಯೆಂಬ ಔಷಧ

ಈಗ ಮೊದಲ ಶತ್ರುವಾದ ಒತ್ತಡಕ್ಕೆ ಹಿಂತಿರುಗೋಣ. ‘ಕಾಲೂರಬೇಡಿ’ ಎಂದು ಹೇಳುವುದು ಸುಲಭ. ಆದರೆ ದಿನಗೂಲಿಯವನು, ಹೊಲಕ್ಕೆ ಹೋಗಬೇಕಾದವನು, ಒಲೆಯ ಮುಂದೆ ನಿಲ್ಲಬೇಕಾದವಳು ತಿಂಗಳುಗಟ್ಟಲೆ ಮಲಗಿರುವುದು ಹೇಗೆ? ಅದೂ ನೋವಿಲ್ಲದ ಹುಣ್ಣಿಗಾಗಿ?

ವೆಲ್ಲೂರಿನಲ್ಲಿ ಇದಕ್ಕೆ ದೊರೆತ ಉತ್ತರ ಪ್ಲಾಸ್ಟರ್ ಆಫ್ ಪ್ಯಾರಿಸ್. ಮುರಿದ ಕಾಲಿಗೆ ಹಾಕುವ ಆ ಬಿಳಿಯ ಕಟ್ಟನ್ನು ಹುಣ್ಣಾದ ಕಾಲಿಗೆ ಹಾಕಿದರು. 1930ರ ದಶಕದಲ್ಲಿಯೇ ಭಾರತದಲ್ಲಿಯೂ ಸಿಂಹಳದಲ್ಲಿಯೂ ಕೆಲವು ವೈದ್ಯರು ಇದನ್ನು ಪ್ರಯೋಗಿಸಿದ್ದರು. ಬ್ರಾಂಡ್ ಅವರೂ ಅವರ ಸಂಗಡಿಗರೂ ಅದನ್ನು ಬೆಳೆಸಿ ರೂಢಿಗೆ ತಂದರು. ಕಟ್ಟು ಮೊಣಕಾಲಿನ ಕೆಳಗಿನಿಂದ ಬೆರಳುಗಳವರೆಗೆ, ಅಂಗಾಲಿನ ಪ್ರತಿಯೊಂದು ತಗ್ಗಿಗೂ ಅಂಟಿದಂತೆ ಕೂಡಬೇಕು. ಆಗ ಒಂದು ರೂಪಾಯಿಯಗಲದ ಮೇಲೆ ಬೀಳುತ್ತಿದ್ದ ಭಾರ ಇಡೀ ಅಂಗಾಲಿಗೂ ಮೀನಖಂಡಕ್ಕೂ ಹಂಚಿಹೋಗುತ್ತದೆ. ರೋಗಿ ನಡೆಯುತ್ತಿದ್ದರೂ ಹುಣ್ಣು ವಿಶ್ರಾಂತಿಯಲ್ಲಿರುತ್ತದೆ. ವರ್ಷಗಟ್ಟಲೆ ಮುಲಾಮಿಗೆ ಬಗ್ಗದ ಹುಣ್ಣುಗಳು ಕಟ್ಟಿನೊಳಗೆ ವಾರಗಳಲ್ಲಿ ಮಾಯತೊಡಗಿದುವು!

ಇದು ಕೇವಲ ನಂಬಿಕೆಯ ಮಾತಲ್ಲ. 1989ರಲ್ಲಿ ಅಮೆರಿಕದಲ್ಲಿ ಮಧುಮೇಹಿಗಳ ಮೇಲೆ ನಡೆದ ಪರೀಕ್ಷೆಯೊಂದರಲ್ಲಿ ಕಟ್ಟು ಹಾಕಿದ 21 ಹುಣ್ಣುಗಳಲ್ಲಿ 19 ಮಾಯ್ದುವು. ಅದಕ್ಕೆ ಹಿಡಿದ ಕಾಲ ಸರಾಸರಿ 42 ದಿನ. ಎಂದಿನಂತೆ ಔಷಧ ಹಚ್ಚಿ ಪಟ್ಟಿ ಕಟ್ಟಿದ 19ರಲ್ಲಿ ಮಾಯ್ದುವು 6 ಮಾತ್ರ. 2001ರ ಮತ್ತೊಂದು ಪರೀಕ್ಷೆಯಲ್ಲಿ 12 ವಾರಗಳೊಳಗೆ ಪ್ಲಾಸ್ಟರ್ ಕಟ್ಟಿನಿಂದ ನೂರಕ್ಕೆ ಸುಮಾರು 90, ಬಿಚ್ಚಿ ಹಾಕಬಹುದಾದ ಎತ್ತರದ ಪಾದರಕ್ಷೆಯಿಂದ 65 ಹುಣ್ಣುಗಳು ಮಾಯ್ದುವು. ಒತ್ತಡವನ್ನು ತಗ್ಗಿಸುವುದರಲ್ಲಿ ಆ ಪಾದರಕ್ಷೆ ಪ್ಲಾಸ್ಟರಿಗೆ ಹೆಚ್ಚುಕಡಮೆ ಸಮನಾದುದೇ. ಹಾಗಿದ್ದ ಮೇಲೆ ಈ ಅಂತರವೇಕೆ? 2003ರಲ್ಲಿ ಹೆಜ್ಜೆಯೆಣಿಸುವ ಯಂತ್ರಗಳನ್ನು ಅಳವಡಿಸಿ ನೋಡಿದಾಗ ಗುಟ್ಟು ಹೊರಬಿದ್ದಿತು. ರೋಗಿಗಳು ಇಡುತ್ತಿದ್ದ 100 ಹೆಜ್ಜೆಗಳಲ್ಲಿ ಪಾದರಕ್ಷೆ ಕಾಲಿನಲ್ಲಿದ್ದುದು 28ಕ್ಕೆ ಮಾತ್ರ! ಮನೆಯೊಳಗೆ ಬಂದೊಡನೆ ಅದನ್ನು ಬಿಚ್ಚಿಟ್ಟು ಓಡಾಡುತ್ತಿದ್ದರು. ಎರಡು ವರ್ಷಗಳ ಬಳಿಕ ಅದೇ ಪಾದರಕ್ಷೆಯನ್ನು ಬಿಚ್ಚಲಾಗದಂತೆ ಪಟ್ಟಿಯಿಂದ ಸುತ್ತಿ ಕೊಟ್ಟಾಗ ಮಾಯುವ ಹುಣ್ಣುಗಳ ಪ್ರಮಾಣ ನೂರಕ್ಕೆ 52ರಿಂದ 83ಕ್ಕೆ ಏರಿತು.

ಈ ಅಂಕಿಗಳನ್ನು ಕಂಡು ರೋಗಿಗಳನ್ನು ಅವಿಧೇಯರೆಂದು ದೂರುವುದು ನ್ಯಾಯವಲ್ಲ. ನಮ್ಮ ಕಾಲಿಗೆ ಮುಳ್ಳು ಚುಚ್ಚಿದರೆ ನಾವು ಎಚ್ಚರದಿಂದ ನಡೆಯುವುದು ಬುದ್ಧಿವಂತಿಕೆಯಿಂದಲ್ಲ, ನೋವಿನ ಬಲವಂತದಿಂದ. ಆ ಬಲವಂತವಿಲ್ಲದಿದ್ದರೆ ನಾವೂ ಅವರಂತೆಯೇ ನಡೆಯುತ್ತಿದ್ದೆವು.

ಕಟ್ಟಿಗೂ ಮಿತಿಗಳುಂಟು. ರಕ್ತಸಂಚಾರ ತೀರ ಕುಗ್ಗಿದ ಕಾಲಿಗೆ, ಸೋಂಕು ಉಲ್ಬಣಿಸಿದ ಹುಣ್ಣಿಗೆ ಅದನ್ನು ಹಾಕಬಾರದು. ನುರಿತ ಕೈಗಳೇ ಹಾಕಬೇಕು, ಆಗಾಗ ಬಿಚ್ಚಿ ನೋಡಬೇಕು. ಹೀರುಯಂತ್ರದಿಂದ ಹುಣ್ಣಿನ ನೀರನ್ನು ಸೆಳೆಯುವ ಪಟ್ಟಿ, ಜೀವಕೋಶಗಳನ್ನು ಬೆಳೆಸುವ ರಸ, ಚರ್ಮದ ಕಸಿ ಮೊದಲಾದ ಹೊಸ ಸಾಧನಗಳೂ ಬಂದಿವೆ. ಆದರೆ ಒತ್ತಡವನ್ನು ತೆಗೆಯದೆ, ರಕ್ತವನ್ನು ಹರಿಸದೆ, ಸತ್ತುದನ್ನು ಕಳೆಯದೆ ಇವಾವುವೂ ಫಲಿಸವು.

ಎರವಲು ಕಣ್ಣು

ಹುಣ್ಣು ಮಾಯ್ದ ಮಾತ್ರಕ್ಕೆ ಕಥೆ ಮುಗಿಯಲಿಲ್ಲ. ಮಾಯ್ದವರಲ್ಲಿ 100ಕ್ಕೆ ಸುಮಾರು 40 ಮಂದಿಗೆ ಒಂದು ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ. ಕಲೆಯ ಚರ್ಮ ದುರ್ಬಲ. ನರ ಮೊದಲಿನಂತೆಯೇ ಮೂಕ. ಆದುದರಿಂದ ಕಳೆದುಹೋದ ನೋವಿನ ಸ್ಥಾನದಲ್ಲಿ ಬೇರೆ ಕಾವಲುಗಾರರನ್ನು ನಿಲ್ಲಿಸಬೇಕು.

ಮರವು ಬಂದಿದೆಯೇ ಎಂಬುದನ್ನು ತಿಳಿಯಲು ವೈದ್ಯರು ನೈಲಾನಿನ ಒಂದೆಳೆಯನ್ನು ಅಂಗಾಲಿಗೆ ಒತ್ತುತ್ತಾರೆ. 10 ಗ್ರಾಂ ಭಾರಕ್ಕೆ ಅದು ಬಾಗುತ್ತದೆ. ಬಾಗಿದರೂ ಅದರ ಸ್ಪರ್ಶ ತಿಳಿಯದಿದ್ದರೆ ಕಾವಲು ತಪ್ಪಿದೆಯೆಂದೇ ಅರ್ಥ. ಇದಕ್ಕೆ ಹಿಡಿಯುವ ಹೊತ್ತು ಎರಡು ಮೂರು ನಿಮಿಷ ಮಾತ್ರ. ಮಧುಮೇಹಿಗಳು ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎರಡು ಪಾದಗಳ ಒಂದೇ ಜಾಗದ ಶಾಖವನ್ನು ಹೋಲಿಸಿದಾಗ ವ್ಯತ್ಯಾಸ 2.2 ಡಿಗ್ರಿ ಸೆಂಟಿಗ್ರೇಡನ್ನು ಮೀರಿ ಹಾಗೆಯೇ ನಿಂತರೆ, ಹುಣ್ಣು ಒಡೆಯುವ ಮೊದಲೇ ಒಳಗಿನ ಪೆಟ್ಟನ್ನು ಕಂಡುಹಿಡಿಯಬಹುದೆಂದೂ ಪರೀಕ್ಷೆಗಳು ತೋರಿಸಿವೆ. ಬ್ರಾಂಡ್ ಅವರು ರೋಗಿಗಳ ಪಾದಗಳನ್ನು ಕೈಯಿಂದ ತಡವಿ ಬಿಸಿಯಾದ ಜಾಗಗಳನ್ನು ಹುಡುಕುತ್ತಿದ್ದುದು ಈ ಉದ್ದೇಶದಿಂದಲೇ.

ಉಳಿದುದು ಮನೆಯವರ ಕೆಲಸ. ವಯಸ್ಸಾದವರಿಗೆ ಬಗ್ಗಿ ಅಂಗಾಲು ನೋಡಿಕೊಳ್ಳುವುದು ಕಷ್ಟ; ಮಧುಮೇಹಿಗಳ ಕಣ್ಣೂ ಹಲವೊಮ್ಮೆ ಮಂದವಾಗಿರುತ್ತದೆ. ಈ ಲೇಖನವನ್ನು ಓದುವ ವಿದ್ಯಾರ್ಥಿಗಳ ಕಣ್ಣು ಚುರುಕಾಗಿದೆ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಮಧುಮೇಹಿಗಳಾಗಿದ್ದರೆ ದಿನಕ್ಕೊಮ್ಮೆ ಅವರ ಪಾದಗಳನ್ನು ಬೆಳಕಿನಲ್ಲಿ ಹಿಡಿದು ನೋಡಿ. ಬೆರಳುಗಳ ಸಂದು, ಹಿಮ್ಮಡಿಯ ಬಿರುಕು, ಹೊಸ ಆಣಿ, ಗುಳ್ಳೆ, ಕೆಂಪು, ಬಿಸಿ, ಕಾಲುಚೀಲದ ಮೇಲಿನ ಕೀವಿನ ಕಲೆ, ಇವಾವುವೂ ಕಣ್ಣು ತಪ್ಪಬಾರದು. ಚಪ್ಪಲಿಯನ್ನು ತೊಡುವ ಮೊದಲು ಅದರೊಳಗೆ ಕಲ್ಲು ಮೊಳೆಗಳಿವೆಯೇ ಎಂದು ಕೈಯಾಡಿಸಿ ನೋಡಬೇಕು. ಸ್ನಾನದ ನೀರಿನ ಬಿಸಿಯನ್ನು ಮರಗಟ್ಟಿದ ಕಾಲಿನಿಂದಲ್ಲ, ಮನೆಯ ಬೇರೊಬ್ಬರ ಮೊಣಕೈಯಿಂದ ಪರೀಕ್ಷಿಸಬೇಕು. ಬೇಸಗೆಯ ನಡುಹಗಲಿನಲ್ಲಿ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿನ ಪ್ರದಕ್ಷಿಣೆ ಬೇಡ. ಬೆಳಗಿನ ತಂಪಿನಲ್ಲಿ ಆಗಲಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದೂ, ಅದಕ್ಕೆ ಆಮ್ಲವಿರುವ ಪಟ್ಟಿ ಅಂಟಿಸುವುದೂ ಅಪಾಯಕರ. ಮನೆಯೊಳಗೂ ಮೆತ್ತನೆಯ ಅಡಿಯುಳ್ಳ ಪಾದರಕ್ಷೆ ಬೇಕು. ಹುಣ್ಣು ಕಂಡ ದಿನವೇ ವೈದ್ಯರ ಬಳಿಗೆ ಹೋಗಬೇಕು. ನೋವಿಲ್ಲವಲ್ಲ ಎಂದು ವಾರಗಟ್ಟಲೆ ತಡೆದುದರಿಂದಲೇ ಎಷ್ಟೋ ಕಾಲುಗಳು ಹೋಗಿವೆ.

ನೋವನ್ನು ನಾವು ಶತ್ರುವೆಂದು ಶಪಿಸುತ್ತೇವೆ. ಅದು ಇಲ್ಲದ ಕಾಲಿನ ಗತಿಯನ್ನು ನೋಡಿದವರು ಹಾಗೆ ಶಪಿಸಲಾರರು. ಬ್ರಾಂಡ್ ಅವರು 2003ರಲ್ಲಿ ತೀರಿಕೊಳ್ಳುವವರೆಗೂ ನೋವು ದೇಹಕ್ಕೆ ದೊರೆತ ವರವೆಂದೇ ಹೇಳುತ್ತ ಬಂದರು. ಆ ವರವನ್ನು ಕಳೆದುಕೊಂಡವರಿಗೆ ಅದನ್ನು ಹಿಂದಕ್ಕೆ ಕೊಡುವ ಔಷಧ ಇನ್ನೂ ದೊರೆತಿಲ್ಲ. ಅದು ದೊರೆಯುವವರೆಗೆ ಅವರ ಪಾದಗಳ ಪರವಾಗಿ ನೋಡುವ, ಮುಟ್ಟುವ, ಎಚ್ಚರಿಸುವ ಹೊಣೆ ಜೊತೆಯಲ್ಲಿರುವವರದು.